ಚೀಡ್ ಬೀಜದೊಳಗಿನ ಸಾಕ್ಷಿ

ಶಿರಸಿಯಲ್ಲಿ ಅರಣ್ಯಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ಪೈನ್ ಎಂದರೆ ನನಗೆ ಊಟಿಯ ಇಳಿಜಾರಿನಲ್ಲಿ ಪ್ರವಾಸಿಗರು ನಿಂತು ಫೋಟೊ ತೆಗೆಸಿಕೊಳ್ಳುವ ನೆಡುತೋಪು, ಅಷ್ಟೆ. ಪಶ್ಚಿಮ ಘಟ್ಟದಲ್ಲಿ ತಾನಾಗಿ ಬೆಳೆಯುವ ಪೈನ್ ಒಂದೂ ಇಲ್ಲ. ದಕ್ಷಿಣ ಭಾರತಕ್ಕೆ ಸ್ವಂತವಾದ ಶಂಕುಧಾರಿ ಮರ ನಾಗಿಯಾ ಒಂದೇ. ಅದರ ಎಲೆಯೂ ಸೂಜಿಯಂತಿರದೆ ಅಗಲವಾಗಿರುವುದರಿಂದ ಕಾಡಿನಲ್ಲಿ ಎದುರಾದರೂ ಅದನ್ನು ಪೈನಿನ ದೂರದ ನೆಂಟನೆಂದು ಸುಲಭಕ್ಕೆ ಯಾರೂ ಗುರುತಿಸುವುದಿಲ್ಲ. ಇಂಥ ನಾಡಿನಿಂದ ಹೋದ ನಾನು ಪಿಎಚ್.ಡಿ.ಗೆಂದು ಉತ್ತರಾಖಂಡದಲ್ಲಿ ನೆಲೆನಿಂತು, ಅಲ್ಲಿನ ಚೀರ್ ಪೈನ್ ಕಾಡುಗಳ ಆನುವಂಶಿಕ ವೈವಿಧ್ಯವನ್ನು ಡಿಎನ್‌ಎ ಮಾರ್ಕರ್‌ಗಳಿಂದ, ಅಂದರೆ ಮರದಿಂದ ಮರಕ್ಕೆ ಬದಲಾಗುವ ಡಿಎನ್‌ಎ ಗುರುತುಗಳಿಂದ, ಅಳೆಯುವ ಕೆಲಸಕ್ಕೆ ಇಳಿದೆ. ಆ ಕೆಲಸದ ನಡುವೆ ನಾನು ಮಾಡಿಕೊಂಡ ಒಂದು ದೊಡ್ಡ ತಪ್ಪನ್ನೂ, ಅದು ತಪ್ಪೆಂದು ಗೊತ್ತಾದ ಬಗೆಯನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಚೀರ್ ಪೈನಿನ ಶಾಸ್ತ್ರೀಯ ಹೆಸರು ಪೈನಸ್ ರಾಕ್ಸ್‌ಬರ್ಗೀ. ಹಿಮಾಲಯದ ಹೊರ ಮಗ್ಗುಲಿನ ಉದ್ದಕ್ಕೂ, ಪಾಕಿಸ್ತಾನದಿಂದ ಭೂತಾನದವರೆಗೆ, ಸುಮಾರು 450 ಮೀಟರ್‌ನಿಂದ 2,300 ಮೀಟರ್ ಎತ್ತರದ ನಡುವೆ ಇದು ಬೆಳೆಯುತ್ತದೆ. ಸೂಜಿಗಳು ಮೂರು ಮೂರರ ಕಟ್ಟಿನಲ್ಲಿರುತ್ತವೆ, ಹೆಚ್ಚುಕಡಿಮೆ ಗೇಣುದ್ದ. ಪಹಾಡಿನ ಜನರ ಬಾಯಲ್ಲಿ ಮರ ಚೀಡ್, ಉದುರಿದ ಸೂಜಿ ಪಿರುಲ್, ಕಾಂಡದಿಂದ ಇಳಿಸುವ ಅಂಟು ಲೀಸಾ. ಸಂಸ್ಕೃತದಲ್ಲಿ ಇದಕ್ಕೆ ಸರಲ ಎಂಬ ಹೆಸರಿದೆ. ನೆಟ್ಟಗಿರುವುದು ಎಂದು ಅರ್ಥ. ವಿಚಿತ್ರವೆಂದರೆ ನನ್ನ ಅಧ್ಯಯನದ ಪ್ರಶ್ನೆ ಹುಟ್ಟಿದ್ದು ನೆಟ್ಟಗಿಲ್ಲದ ಚೀಡ್‌ಗಳಿಂದ. ಕುಮಾವೂನಿನ ಕೆಲವು ಬೆಟ್ಟಗಳಲ್ಲಿ ಹಿಂಡಿದ ಒದ್ದೆ ಬಟ್ಟೆಯಂತೆ ನಾರು ಸುರುಳಿ ಸುತ್ತಿಕೊಂಡ ಮರಗಳು ಸಾಲುಗಟ್ಟಿ ನಿಂತಿವೆ. ಅವನ್ನು ಸೀಳಿದರೆ ಹಲಗೆ ಸೊಟ್ಟಗಾಗುತ್ತದೆ, ಮಾರಿದರೆ ಬೆಲೆ ಸಿಗುವುದಿಲ್ಲ.

ಮರ ಹೀಗೇಕೆ ತಿರುಚುತ್ತದೆ ಎಂಬುದಕ್ಕೆ ಗಾಳಿ, ಬಡಕಲು ಮಣ್ಣು, ಸೊಪ್ಪಿಗಾಗಿ ಕೊಂಬೆ ಕಡಿಯುವುದು ಎಂದು ನಾನಾ ವಿವರಣೆಗಳಿವೆ. ಅವುಗಳಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಒಂದು. ತಲೆಮಾರುಗಳ ಕಾಲ ರೈಲು ಸ್ಲೀಪರಿಗೂ ಮನೆಯ ತೊಲೆಗೂ ನೆಟ್ಟನೆಯ ಮರಗಳನ್ನೇ ಆರಿಸಿ ಕಡಿದದ್ದರಿಂದ, ಬೀಜ ಉದುರಿಸಲು ಉಳಿದವು ಸೊಟ್ಟ ಮರಗಳು ಮಾತ್ರ ಎಂಬುದು ಆ ವಾದ. ಚಿಪ್ಕೊ ಚಳವಳಿಯ ನಂತರ, 1980ರ ದಶಕದ ಆರಂಭದಲ್ಲಿ, ಆಗಿನ ಉತ್ತರ ಪ್ರದೇಶದ ಬೆಟ್ಟಗಳಲ್ಲಿ 1,000 ಮೀಟರ್‌ಗಿಂತ ಮೇಲೆ ಹಸಿ ಮರ ಕಡಿಯುವುದಕ್ಕೆ ತಡೆ ಬಂದಿತು; ಆದರೆ ಅಷ್ಟರೊಳಗೆ ಆಗಬೇಕಾದ ಆಯ್ಕೆ ಆಗಿಹೋಗಿತ್ತು ಎನ್ನುವವರಿದ್ದಾರೆ. ಹಾಗಾದರೆ ಹೆಚ್ಚು ಕಡಿತಕ್ಕೆ ಒಳಗಾದ ಕಾಡಿನಲ್ಲಿ ತಾಯಿ ಮರಗಳು ಕಡಿಮೆಯಾಗಿ, ಆನುವಂಶಿಕ ವೈವಿಧ್ಯವೂ ಕುಗ್ಗಿರಬೇಕಲ್ಲ? ಈ ಪ್ರಶ್ನೆಯನ್ನು ಬೆನ್ನಿಗೆ ಕಟ್ಟಿಕೊಂಡು ನಾನು ಬೆಟ್ಟ ಹತ್ತಿದೆ. ಉತ್ತರ ಹೌದೆಂದೇ ಬರಲಿ ಎಂಬ ಆಸೆ ಒಳಗೊಳಗೆ ಇತ್ತೆಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ರಾಣಿಖೇತ್, ಅಲ್ಮೋರಾ, ಬಾಗೇಶ್ವರ, ಪೌಡಿ, ಲ್ಯಾನ್ಸ್‌ಡೌನ್ ಮತ್ತು ನೆಟ್ಟನೆಯ ಚೀಡ್‌ಗೆ ಹೆಸರಾದ ಟೋನ್ಸ್ ಕಣಿವೆಯ ಕಾಡುಗಳನ್ನು ಆರಿಸಿಕೊಂಡೆ. ಒಂದೊಂದು ಕಾಡಿನಲ್ಲಿ 30 ಮರ, ಮರದಿಂದ ಮರಕ್ಕೆ ಕನಿಷ್ಠ 100 ಮೀಟರ್ ಅಂತರ ಎಂದು ನಿಯಮ ಹಾಕಿಕೊಂಡಿದ್ದೆ. ಬೀಜಕ್ಕೆ ರೆಕ್ಕೆ ಇದ್ದರೂ ಹೆಚ್ಚಿನವು ತಾಯಿಯ ಸುತ್ತಮುತ್ತಲೇ ಬೀಳುವುದರಿಂದ ಪಕ್ಕಪಕ್ಕದ ಮರಗಳು ಒಡಹುಟ್ಟಿದವುಗಳಾಗಿರುವ ಸಂಭವ ಹೆಚ್ಚು. ಅಂತರ ಬಿಡದೆ ಹೋದರೆ ಒಂದೇ ಮನೆಯ ಮೂವತ್ತು ಜನರನ್ನು ಎಣಿಸಿ ಇಡೀ ಊರಿನ ಲೆಕ್ಕವೆಂದು ಬರೆದುಕೊಂಡಂತಾಗುತ್ತದೆ. ನಿಯಮ ಬರೆಯುವುದು ಸುಲಭ. ಪಿರುಲ್ ಹಾಸಿದ ಕಡಿದಾದ ಇಳಿಜಾರಿನಲ್ಲಿ ನೂರು ಮೀಟರ್ ನಡೆಯುವುದೆಂದರೆ ಎಣ್ಣೆ ಸವರಿದ ಚಾಪೆಯ ಮೇಲೆ ನಡೆದ ಹಾಗೆ. ಮೊದಲ ವಾರ ನಾನು ಬಿದ್ದ ಸಲ ಲೆಕ್ಕವಿಡುವಂತಿರಲಿಲ್ಲ.

ಹಸಿರು ಸೂಜಿ ಕೈಗೆ ಸಿಗುವಂತಿರಲಿಲ್ಲ. ದೊಡ್ಡ ಚೀಡ್‌ಗಳ ಮೊದಲ ಕೊಂಬೆಯೇ ಎರಡು ಮಾಳಿಗೆಯ ಎತ್ತರದಲ್ಲಿರುತ್ತದೆ. ನಮ್ಮೂರಿನ ಅಡಿಕೆ ಕೊಯ್ಯುವ ದೋಟಿ ಒಂದಿದ್ದರೆ ಎಂದು ದಿನವೂ ನೆನೆದೆ. ಜೊತೆಗಿದ್ದ ಅರಣ್ಯ ಕಾವಲುಗಾರರೊಬ್ಬರು ಹಗ್ಗದ ತುದಿಗೆ ಕಲ್ಲು ಕಟ್ಟಿ ಎಸೆದು, ಕೊಂಬೆಯ ತುದಿಯನ್ನು ಬಗ್ಗಿಸಿ ಮುರಿಯುತ್ತಿದ್ದರು. ಅವರು ನನಗಿಂತ ಇಪ್ಪತ್ತು ವರ್ಷ ಹಿರಿಯರು. ಅಲ್ಲಿನ ರೂಢಿಯಂತೆ ನಾನು ಅವರನ್ನು ದಾಜ್ಯೂ, ಅಂದರೆ ಅಣ್ಣ, ಎಂದು ಕರೆಯುತ್ತಿದ್ದೆ. ಕಾಂಡದ ಮೇಲೆ ಲೀಸಾ ಇಳಿಸಲು ಕೆತ್ತಿದ ಗಾಯಗಳನ್ನು ನೋಡಿಯೇ ಆ ಮರ ಎಷ್ಟು ಋತು ಹಾಲು ಕೊಟ್ಟಿದೆ ಎಂದು ಅವರು ಹೇಳಬಲ್ಲವರಾಗಿದ್ದರು. ನಮ್ಮ ಮಲೆನಾಡಿನಲ್ಲಿ ಹಾಲ್ಮಡ್ಡಿಗೂ ಧೂಪಕ್ಕೂ ಕಾಂಡ ಕೆತ್ತುವುದನ್ನು ನೋಡಿ ಬೆಳೆದ ನನಗೆ ಆ ಗಾಯಗಳು ಅಪರಿಚಿತವೆನಿಸಲಿಲ್ಲ.

ಕಿತ್ತ ಸೂಜಿಗಳನ್ನು ಒರೆಸಿ, ತುಂಡರಿಸಿ, ಸಿಲಿಕಾ ಜೆಲ್ ತುಂಬಿದ ಜಿಪ್ ಕವರಿಗೆ ಹಾಕಬೇಕು. ಎಲೆ ಬೇಗ ಒಣಗಿದಷ್ಟೂ ಅದರೊಳಗಿನ ಡಿಎನ್‌ಎ ಕೆಡದೆ ಉಳಿಯುತ್ತದೆ. ಒಣಗಿದ ಸಿಲಿಕಾ ಹರಳು ನೀಲಿಯಾಗಿರುತ್ತದೆ, ನೀರು ಹೀರಿದಂತೆ ಗುಲಾಬಿಗೆ ತಿರುಗುತ್ತದೆ. ರಾತ್ರಿ ಅರಣ್ಯ ಇಲಾಖೆಯ ವಿಶ್ರಾಂತಿ ಗೃಹದಲ್ಲಿ ಬಲ್ಬಿನ ಕೆಳಗೆ ಕವರುಗಳನ್ನು ಹರಡಿಕೊಂಡು, ಗುಲಾಬಿಯಾದ ಹರಳನ್ನು ಸುರಿದು ನೀಲಿ ಹರಳು ತುಂಬುವುದು ದಿನದ ಕೊನೆಯ ಕೆಲಸ. ಗುಲಾಬಿ ಹರಳನ್ನು ಅಡುಗೆಯವರ ಬಾಣಲೆಯಲ್ಲಿ ಹುರಿದು ಮತ್ತೆ ನೀಲಿ ಮಾಡಿದ್ದೂ ಉಂಟು. ಆ ಬಣ್ಣಕ್ಕೆ ಬಳಸುವ ಕೋಬಾಲ್ಟ್ ಲವಣ ವಿಷವೆಂದು ತಿಳಿದ ಮೇಲೆ ನಾಚಿಕೆಯಾಗಿ, ಹೊಸ ಬಾಣಲೆ ಕೊಡಿಸಿ ಕ್ಷಮೆ ಕೇಳಿದೆ.

ಪ್ರಯೋಗಾಲಯದ ಮೊದಲ ಎರಡು ತಿಂಗಳು ಬರೀ ಸೋಲು. ಗಿಡದ ಎಲೆಯಿಂದ ಡಿಎನ್‌ಎ ತೆಗೆಯಲು ಎಲ್ಲರೂ ಅನುಸರಿಸುವ ಸಿಟಿಎಬಿ ವಿಧಾನವನ್ನೇ ನಾನೂ ಅನುಸರಿಸಿದೆ: ದ್ರವ ಸಾರಜನಕ ಸುರಿದು ಎಲೆಯನ್ನು ಹಿಟ್ಟಿನಂತೆ ಅರೆಯುವುದು, 65 ಡಿಗ್ರಿ ಬಿಸಿಯ ದ್ರಾವಣದಲ್ಲಿ ಒಂದು ಗಂಟೆ ಇಡುವುದು, ಕ್ಲೋರೋಫಾರ್ಮ್ ಬೆರೆಸಿ ತಿರುಗಿಸಿ ಕಸವನ್ನು ಬೇರ್ಪಡಿಸುವುದು, ಕೊನೆಗೆ ಆಲ್ಕೊಹಾಲಿನಲ್ಲಿ ಡಿಎನ್‌ಎಯನ್ನು ಗರಣೆಗಟ್ಟಿಸುವುದು. ಪುಸ್ತಕದಂತೆ ನಡೆದರೆ ಕೊಳವೆಯ ತಳದಲ್ಲಿ ಬೆಳ್ಳನೆಯ ಚುಕ್ಕೆ ಕಾಣಬೇಕು. ನನಗೆ ಸಿಕ್ಕಿದ್ದು ಜೋನಿ ಬೆಲ್ಲದ ಬಣ್ಣದ ಜಿಗಟು. ಚೀಡ್ ಸೂಜಿಯಲ್ಲಿ ರಾಳವೂ ಪಾಲಿಫೀನಾಲ್‌ಗಳೂ ತುಂಬಿರುತ್ತವೆ; ಎಲೆ ಅರೆದ ಕೂಡಲೇ ಗಾಳಿ ತಗುಲಿ ಅವು ಕಂದಾಗಿ ಡಿಎನ್‌ಎಗೆ ಅಂಟಿಕೊಳ್ಳುತ್ತವೆ. ಅಂಥ ಡಿಎನ್‌ಎಯನ್ನು ನಕಲು ತೆಗೆಯುವ ಪಿಸಿಆರ್ ಯಂತ್ರಕ್ಕೆ ಹಾಕಿದರೆ ಕಿಣ್ವ ಕೆಲಸವನ್ನೇ ಮಾಡುವುದಿಲ್ಲ. ಎಳೆ ಸೂಜಿಯನ್ನಷ್ಟೇ ಬಳಸಿ, ಪಾಲಿಫೀನಾಲ್‌ಗಳನ್ನು ಹಿಡಿದಿಡುವ ಪಿವಿಪಿ ಎಂಬ ಪುಡಿಯ ಪ್ರಮಾಣ ಹೆಚ್ಚಿಸಿ, ಕ್ಲೋರೋಫಾರ್ಮ್ ತೊಳೆತವನ್ನು ಎರಡು ಸಲ ಮಾಡಿದ ಮೇಲೆ ಜಿಗಟು ತಿಳಿಯಾಯಿತು. ದ್ರಾವಣಕ್ಕೆ ಬೆರೆಸುವ ಮರ್ಕ್ಯಾಪ್ಟೊಎಥನಾಲಿನ ಕೊಳೆತ ಮೊಟ್ಟೆಯಂಥ ವಾಸನೆ ಅಂಗಿಯಿಂದ ಹೋಗಲು ಇನ್ನಷ್ಟು ಕಾಲ ಹಿಡಿಯಿತು.

ನಾನು ಆರಿಸಿಕೊಂಡ ಮಾರ್ಕರ್‌ಗಳು ಮೈಕ್ರೊಸ್ಯಾಟಲೈಟ್‌ಗಳು. ಡಿಎನ್‌ಎಯ ಕೆಲವು ಜಾಗಗಳಲ್ಲಿ ಎರಡು ಮೂರು ಅಕ್ಷರಗಳ ಗುಂಪು ರಾಗಾಲಾಪದ ಸ್ವರದಂತೆ ಮರಳಿ ಮರಳಿ ಬರುತ್ತದೆ. ಒಂದು ಮರದಲ್ಲಿ ಹನ್ನೆರಡು ಸಲ ಬಂದದ್ದು ಇನ್ನೊಂದರಲ್ಲಿ ಹದಿನೇಳು ಸಲ ಬರಬಹುದು. ಈ ಉದ್ದದ ವ್ಯತ್ಯಾಸವೇ ಆಲೀಲ್, ಅಂದರೆ ಒಂದೇ ಜಾಗದ ಬೇರೆ ಬೇರೆ ಪಾಠ. ಪ್ರತಿ ಮರಕ್ಕೂ ತಾಯಿಯಿಂದ ಒಂದು, ತಂದೆಯಿಂದ ಒಂದು ಪಾಠ ಬರುತ್ತದೆ. ಎರಡೂ ಬೇರೆಯಾಗಿದ್ದರೆ, ಡಿಎನ್‌ಎ ತುಂಡುಗಳನ್ನು ಉದ್ದದ ಪ್ರಕಾರ ಬೇರ್ಪಡಿಸುವ ಜೆಲ್ ಮೇಲೆ ಎರಡು ಗೆರೆ, ಒಂದೇ ಆಗಿದ್ದರೆ ಒಂದು ಗೆರೆ. ಆ ಜಾಗವನ್ನು ಹುಡುಕಿ ನಕಲು ತೆಗೆಯಲು ಅದರ ಎರಡು ಬದಿಗೆ ಕಚ್ಚಿಕೊಳ್ಳುವ ಪ್ರೈಮರ್ ಎಂಬ ಚಿಕ್ಕ ಡಿಎನ್‌ಎ ತುಂಡುಗಳು ಬೇಕು. ಪೈನಿನ ಜೀನೋಮ್ ಭಾರಿ ದೊಡ್ಡದು: 2014ರಲ್ಲಿ ಪ್ರಕಟವಾದ ಅಮೆರಿಕದ ಲಾಬ್ಲಾಲಿ ಪೈನಿನ ಜೀನೋಮ್ ಮನುಷ್ಯನದಕ್ಕಿಂತ ಸುಮಾರು ಏಳು ಪಟ್ಟು ಇದೆ, ಅದರ ಬಹುಪಾಲು ಪುನರಾವರ್ತನೆ. ಇಂಥ ರಾಶಿಯಲ್ಲಿ ಹೊಸ ಪ್ರೈಮರ್ ಹುಡುಕುವ ಹಣವಾಗಲಿ ಸಮಯವಾಗಲಿ ಇರಲಿಲ್ಲವಾದ್ದರಿಂದ, ಲಾಬ್ಲಾಲಿ ಮತ್ತು ಯುರೋಪಿನ ಸ್ಕಾಟ್ಸ್ ಪೈನಿಗಾಗಿ ಮಾಡಿದ್ದ ಪ್ರೈಮರ್‌ಗಳನ್ನೇ ಎರವಲು ಪಡೆದೆ. ಎಲ್ಲರೂ ಹಾಗೆಯೇ ಮಾಡುತ್ತಾರೆ. ಮುಂದಿನ ಎಡವಟ್ಟಿಗೆ ಬೀಜ ಬಿದ್ದದ್ದು ಅಲ್ಲಿಯೇ.

ಫಲಿತಾಂಶ ಬರತೊಡಗಿದಾಗ ನಾನು ಹಿಗ್ಗಿಹೋದೆ. ಹೆಚ್ಚು ಕಡಿತ ಕಂಡ, ತಿರುಚಿದ ಮರಗಳೇ ತುಂಬಿದ ಕಾಡಿನಲ್ಲಿ ಎರಡು ಗೆರೆಯ ಮರಗಳು ಲೆಕ್ಕದ ಪ್ರಕಾರ ಇರಬೇಕಾದದ್ದಕ್ಕಿಂತ ಬಹಳ ಕಡಿಮೆಯಿದ್ದವು. ಆಲೀಲ್‌ಗಳ ಪ್ರಮಾಣ ಗೊತ್ತಿದ್ದರೆ ಎಷ್ಟು ಮರಗಳಲ್ಲಿ ಎರಡು ಗೆರೆ ಕಾಣಬೇಕೆಂದು ಹಾರ್ಡಿ–ವೈನ್‌ಬರ್ಗ್ ಸೂತ್ರ ಹೇಳುತ್ತದೆ. ಕೊರತೆ ಕಂಡರೆ ಅದರ ಒಂದು ಅರ್ಥ, ಹತ್ತಿರದ ಬಂಧುಗಳ ನಡುವೆಯೇ ಸಂತಾನ ನಡೆದಿದೆ ಎಂದು. ನಮ್ಮಲ್ಲಿ ಸೋದರಿಕೆಯ ಮದುವೆ ಎನ್ನುತ್ತಾರಲ್ಲ, ಕಾಡಿನಲ್ಲಿ ಅದೇ ನಡೆದಿದೆ ಎಂದುಕೊಂಡೆ. ನೆಟ್ಟನೆಯ ಮರಗಳೆಲ್ಲ ಹೋಗಿ, ಉಳಿದ ಕೆಲವೇ ಸೊಟ್ಟ ಮರಗಳು ತಮ್ಮತಮ್ಮಲ್ಲೇ ಬೆರೆತು ಕಾಡು ಬಡವಾಗಿದೆ ಎಂಬ ಕಥೆ ತಾನಾಗಿ ಹೆಣೆದುಕೊಂಡಿತು. ಪೂರ್ವನಿದರ್ಶನವೂ ಸಿಕ್ಕಿತು: ಉತ್ತರ ಅಮೆರಿಕದ ರೆಡ್ ಪೈನ್ ಅಷ್ಟು ವಿಶಾಲವಾಗಿ ಹಬ್ಬಿದ್ದರೂ ಅದರ ವೈವಿಧ್ಯ ತೀರ ಅತ್ಯಲ್ಪ, ಕ್ಯಾಲಿಫೋರ್ನಿಯದ ಟೋರಿ ಪೈನ್ ಎರಡೇ ಕಡೆ ಉಳಿದಿದ್ದು, 1983ರಲ್ಲಿ ಕಿಣ್ವಗಳ ಮೂಲಕ ಪರೀಕ್ಷಿಸಿದಾಗ ಒಂದೊಂದು ಕಡೆಯ ಮರಗಳ ನಡುವೆ ವ್ಯತ್ಯಾಸವೇ ಕಂಡುಬಂದಿರಲಿಲ್ಲ. ಹಾಗಿರುವಾಗ ಚೀಡ್ ಕಾಡು ಯಾಕಾಗಬಾರದು? ಅರ್ಧ ಅಧ್ಯಾಯ ಬರೆದೂ ಮುಗಿಸಿದೆ.

ಮಾರ್ಗದರ್ಶಕರು ಅದನ್ನು ಓದಿ, ಪುಟದ ಅಂಚಿನಲ್ಲಿ ಏನೂ ಬರೆಯದೆ, ಎದುರು ಕೂರಿಸಿಕೊಂಡು ಎರಡು ಪ್ರಶ್ನೆ ಕೇಳಿದರು. ಮೊದಲನೆಯದು: ಟೋರಿ ಪೈನಿನಲ್ಲಿ ಬೇರೆ ಬೇರೆ ಆಲೀಲ್‌ಗಳೇ ಇಲ್ಲ, ನಿಮ್ಮ ಕಾಡಿನಲ್ಲಿ ಅಂಥ ಆಲೀಲ್‌ಗಳು ಧಾರಾಳವಾಗಿವೆ, ಎರಡು ಒಟ್ಟಿಗಿರುವ ಮರಗಳಷ್ಟೇ ಇಲ್ಲ. ಇವೆರಡೂ ಒಂದೇ ಕಾಯಿಲೆಯೇ? ಎರಡನೆಯದು: ಪೈನ್ ತನ್ನದೇ ಪರಾಗದಿಂದ ಬೀಜ ಕಟ್ಟಿದರೆ ಬಹುಪಾಲು ಜೊಳ್ಳಾಗುತ್ತದೆ, ಉಳಿದದ್ದೂ ಸಸಿಯಲ್ಲೇ ಸೊರಗುತ್ತದೆ. ಹಾಗಿದ್ದ ಮೇಲೆ ನೂರು ವರ್ಷದ ಗಟ್ಟಿ ಮರಗಳಲ್ಲಿ ಇಷ್ಟೊಂದು ಒಳಸಂಬಂಧ ಹೇಗೆ ಉಳಿಯಿತು? ನನ್ನಲ್ಲಿ ಉತ್ತರವಿರಲಿಲ್ಲ. ಅವರು ಮತ್ತೊಂದು ಮಾತು ಸೇರಿಸಿದರು: ಕೊರತೆ ಎಲ್ಲ ಮಾರ್ಕರ್‌ಗಳಲ್ಲೂ ಒಂದೇ ಸಮ ಇದೆಯೇ, ಕೆಲವದರಲ್ಲಿ ಮಾತ್ರವೇ? ಕಾಡಿನಲ್ಲಿ ಬಂಧುಗಳ ಸಂತಾನ ನಡೆದಿದ್ದರೆ ಅದರ ಗುರುತು ಎಲ್ಲ ಕಡೆಯೂ ಬೀಳಬೇಕು. ನಾನು ಸರಾಸರಿಯನ್ನಷ್ಟೇ ನೋಡಿದ್ದೆ. ಬಿಡಿಸಿ ನೋಡಿದರೆ ಕೊರತೆಯೆಲ್ಲ ಎರಡೇ ಪ್ರೈಮರ್ ಜೋಡಿಗಳಲ್ಲಿ ಗುಂಪುಗೂಡಿತ್ತು.

ಆಗ ನೆನಪಿಗೆ ಬಂದದ್ದು ಮೂಕ ಆಲೀಲ್. ಎರವಲು ತಂದ ಪ್ರೈಮರ್ ಕಚ್ಚಿಕೊಳ್ಳಬೇಕಾದ ಜಾಗದಲ್ಲೇ ಚೀಡ್‌ನ ಕೆಲವು ಪಾಠಗಳಲ್ಲಿ ಒಂದೆರಡು ಅಕ್ಷರ ಬದಲಾಗಿದ್ದರೆ, ಆ ಪಾಠದ ನಕಲು ಬರುವುದೇ ಇಲ್ಲ. ಮರದಲ್ಲಿ ಎರಡು ಆಲೀಲ್ ಇದ್ದರೂ ಜೆಲ್ ಮೇಲೆ ಒಂದೇ ಗೆರೆ ಕಾಣುತ್ತದೆ, ನಾವು ಅದನ್ನು ಒಂದೇ ಪಾಠದ ಮರವೆಂದು ಬರೆದುಕೊಳ್ಳುತ್ತೇವೆ. ಚೀರ್ ಪೈನಿನ ಅತಿ ಹತ್ತಿರದ ಬಂಧು ಆಫ್ರಿಕದ ಕರಾವಳಿಯಾಚೆಯ ಕ್ಯಾನರಿ ದ್ವೀಪಗಳ ಪೈನ್. ಲಾಬ್ಲಾಲಿ ಇರುವುದು ವಂಶವೃಕ್ಷದ ಬೇರೆಯೇ ಕವಲಿನಲ್ಲಿ. ಅಷ್ಟು ದೂರದ ಪ್ರೈಮರ್ ಎಲ್ಲ ಕಡೆ ಸರಿಯಾಗಿ ಕೂರುತ್ತದೆಂದು ನಂಬಿದ್ದೇ ನನ್ನ ತಪ್ಪು. ಆದರೆ ಇದು ಊಹೆ. ಕಾಣದ ಆಲೀಲನ್ನು ಇದೆಯೆಂದು ತೋರಿಸುವುದು ಹೇಗೆ?

ಇಲ್ಲಿ ಪೈನ್ ಜಾತಿ ಒಂದು ಉಪಕಾರ ಮಾಡುತ್ತದೆ. ಮಾವು ಹಲಸಿನ ಬೀಜದಲ್ಲಿ ಇಲ್ಲದ ಒಂದು ಸಂಗತಿ ಪೈನ್ ಬೀಜದಲ್ಲಿದೆ: ಭ್ರೂಣವನ್ನು ಸುತ್ತಿಕೊಂಡಿರುವ ಬಿಳಿಯ ತಿರುಳು ಪೂರ್ತಿಯಾಗಿ ತಾಯಿಯದು, ಅದರಲ್ಲೂ ತಾಯಿಯ ಎರಡು ಪಾಠಗಳಲ್ಲಿ ಒಂದು ಮಾತ್ರ ಅದರಲ್ಲಿರುತ್ತದೆ. ಭ್ರೂಣದಲ್ಲಿ ತಂದೆತಾಯಿ ಇಬ್ಬರೂ ಬೆರೆತಿರುತ್ತಾರೆ. ತಿರುಳಿನಲ್ಲಿ ತಂದೆಯ ಸುಳಿವೇ ಇಲ್ಲ. ಹಾಗಾಗಿ ಒಂದು ಮರ ನಿಜಕ್ಕೂ ಒಂದೇ ಪಾಠದ್ದಾಗಿದ್ದರೆ ಅದರ ಪ್ರತಿ ಬೀಜದ ತಿರುಳಿನಲ್ಲೂ ಅದೇ ಗೆರೆ ಬರಬೇಕು. ಅದರ ಇನ್ನೊಂದು ಆಲೀಲ್ ಮೂಕವಾಗಿದ್ದರೆ ಸುಮಾರು ಅರ್ಧ ಬೀಜಗಳಲ್ಲಿ ಗೆರೆಯೇ ಬರಬಾರದು. ಹತ್ತು ಬೀಜ ನೋಡಿದರೆ, ಮೂಕ ಆಲೀಲ್ ಇದ್ದೂ ಅದು ಕಣ್ತಪ್ಪಿಸುವ ಸಂಭವ 1,024ರಲ್ಲಿ ಒಂದು.

ಮತ್ತೆ ಬೆಟ್ಟ ಹತ್ತಬೇಕಾಯಿತು. ಚೀಡ್ ಕಾಯಿ ಮಾಗಲು ಪರಾಗಸ್ಪರ್ಶವಾದಂದಿನಿಂದ ಎರಡು ವರ್ಷ ಹಿಡಿಯುತ್ತದೆ. ಬೇಸಿಗೆಯ ಬಿಸಿಲಿಗೆ ಕಾಯಿ ಬಾಯಿಬಿಟ್ಟು ಬೀಜ ಹಾರಿಹೋಗುವ ಮೊದಲೇ, ಚಳಿಗಾಲದ ಕೊನೆಗೆ, ಕೊಯ್ದುಕೊಳ್ಳಬೇಕು. ಅಲ್ಯೂಮಿನಿಯಂ ಚೀಟಿ ಹೊಡೆದಿದ್ದ ಅದೇ ಮರಗಳನ್ನು ದಾಜ್ಯೂ ಮೊದಲ ಸಲಕ್ಕಿಂತ ಬೇಗ ಹುಡುಕಿಕೊಟ್ಟರು. ಕಾಯಿಗಳನ್ನು ಮರದ ಸಂಖ್ಯೆಯ ಪ್ರಕಾರ ಬೇರೆ ಬೇರೆ ಚೀಲದಲ್ಲಿ ತಂದು ಮಹಡಿಯ ಬಿಸಿಲಿಗೆ ಹರಡಿದೆ. ಕೆಲವು ದಿನಗಳಲ್ಲಿ ಉರಿಯುವ ಕಟ್ಟಿಗೆಯಂಥ ಚಟಪಟ ಸದ್ದಿನೊಂದಿಗೆ ಅವು ಬಿರಿದುಕೊಂಡವು.

ಬೀಜವನ್ನು ಒಂದು ದಿನ ನೀರಿನಲ್ಲಿ ನೆನೆಸಿ, ಬ್ಲೇಡಿನಿಂದ ಸಿಪ್ಪೆ ಸೀಳಿ, ಮಸೂರದ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ಕೊಬ್ಬರಿಯಂತೆ ಬೆಳ್ಳಗಿರುವ ತಿರುಳಿನ ನಟ್ಟನಡುವೆ, ಅಕ್ಕಿಯ ನುಚ್ಚಿಗಿಂತ ಸ್ವಲ್ಪ ಉದ್ದನೆಯ ಭ್ರೂಣ ಮಲಗಿರುತ್ತದೆ. ಸೂಜಿಮೊನೆಯ ಚಿಮಟದಿಂದ ತಿರುಳನ್ನು ಉದ್ದಕ್ಕೆ ಬಿಚ್ಚಿ ಭ್ರೂಣವನ್ನು ಮುರಿಯದಂತೆ ಎತ್ತಬೇಕು. ಅದರ ಚೂರು ತಿರುಳಿಗೆ ಅಂಟಿ ಉಳಿದರೂ ತಂದೆಯ ಡಿಎನ್‌ಎ ಒಳನುಸುಳಿ ಇಡೀ ಪರೀಕ್ಷೆ ಹಾಳಾಗುತ್ತದೆ. ಮೊದಲ ದಿನ ಎಂಟು ಬೀಜ ಕೆಡಿಸಿದೆ. ಕೈ ಕುದುರಿದ ಮೇಲೆ, ಒಂದೇ ಗೆರೆ ತೋರಿಸಿದ್ದ ಮರಗಳಲ್ಲಿ ಒಂದೊಂದರಿಂದಲೂ ಹತ್ತು ಬೀಜದ ತಿರುಳು ಬಿಡಿಸಿ, ಡಿಎನ್‌ಎ ತೆಗೆದು, ಅನುಮಾನದ ಪ್ರೈಮರ್‌ಗಳನ್ನು ಓಡಿಸಿದೆ. ಡಿಎನ್‌ಎ ಕೆಟ್ಟದ್ದರಿಂದಲೂ ಗೆರೆ ಬರದೇ ಹೋಗಬಹುದಾದ ಕಾರಣ, ಪ್ರತಿ ಮಾದರಿಯನ್ನೂ ಚೆನ್ನಾಗಿ ಕೆಲಸ ಮಾಡುವ ಮತ್ತೊಂದು ಪ್ರೈಮರಿನಿಂದ ಜೊತೆಯಲ್ಲೇ ಪರೀಕ್ಷಿಸಿದೆ.

ಬೆಳ್ಳಿಯ ದ್ರಾವಣದಲ್ಲಿ ಅದ್ದಿದ ಜೆಲ್ಲನ್ನು ಕೊನೆಯ ತಟ್ಟೆಯಲ್ಲಿ ಅಲುಗಿಸುತ್ತಿದ್ದರೆ, ಕಂದು ಗೆರೆಗಳು ಹಳೆಯ ಫೋಟೊ ತೊಳೆಯುವಾಗ ಮುಖ ಮೂಡುವಂತೆ ನಿಧಾನವಾಗಿ ಮೂಡುತ್ತವೆ. ಮೊದಲ ಮರದ ಹತ್ತು ಸಾಲುಗಳಲ್ಲಿ ಆರಕ್ಕೆ ಗೆರೆ ಬಂದಿತು, ನಾಲ್ಕು ಖಾಲಿ ಉಳಿದವು. ಅದೇ ನಾಲ್ಕು ಮಾದರಿಗಳು ಇನ್ನೊಂದು ಪ್ರೈಮರಿನಲ್ಲಿ ಗೆರೆಯನ್ನು ಸ್ಪಷ್ಟವಾಗಿ ತೋರಿಸಿದ್ದವು, ಹಾಗಾಗಿ ಡಿಎನ್‌ಎಯ ಮೇಲೆ ದೂರು ಹೊರಿಸುವಂತಿರಲಿಲ್ಲ. ಎರಡನೆಯ ಮರದಲ್ಲೂ ಹೀಗೆಯೇ, ಮೂರನೆಯದರಲ್ಲೂ. ತಟ್ಟೆಯನ್ನು ಬೆಳಕಿಗೆ ಹಿಡಿದು ಆ ಖಾಲಿ ಸಾಲುಗಳನ್ನು ನೋಡುತ್ತ ನಿಂತಾಗ, ಬರೆದಿಟ್ಟ ಅಧ್ಯಾಯ ಹೋಯಿತೆಂಬ ಸಂಕಟಕ್ಕಿಂತ, ಕಾಡಿನ ಮೇಲೆ ಸುಳ್ಳು ದೂರು ಕೊಡುವುದರಿಂದ ಪಾರಾದೆನೆಂಬ ಸಮಾಧಾನವೇ ಹೆಚ್ಚಿತ್ತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಸಂಕಟವೇ ಹೆಚ್ಚಿತ್ತು. ಸಮಾಧಾನ ಬರಲು ವಾರ ಹಿಡಿಯಿತು.

ಆ ಎರಡು ಪ್ರೈಮರ್ ಜೋಡಿಗಳನ್ನು ಕೈಬಿಟ್ಟು ಲೆಕ್ಕ ಹಾಕಿದಾಗ ಸೋದರಿಕೆಯ ಕಥೆ ಕರಗಿಹೋಯಿತು. ಉಳಿದದ್ದು ಗಾಳಿಯಿಂದ ಪರಾಗಸ್ಪರ್ಶವಾಗುವ ಮರಗಳಲ್ಲಿ ಸಾಮಾನ್ಯವಾಗಿ ಕಾಣುವ ಚಿತ್ರ: ಒಟ್ಟು ವೈವಿಧ್ಯದ ಬಹುಪಾಲು ಒಂದೊಂದು ಕಾಡಿನ ಒಳಗಿನ ಮರಗಳ ನಡುವೆಯೇ ಇದೆ, ಕಾಡಿನಿಂದ ಕಾಡಿಗೆ ಇರುವ ವ್ಯತ್ಯಾಸ ಚಿಕ್ಕದು. ಜೀವಕೋಶದೊಳಗೆ ಸ್ವಂತ ಡಿಎನ್‌ಎ ಇರುವ ಎರಡು ಭಾಗಗಳಿವೆ. ಪೈನಿನಲ್ಲಿ ಅವುಗಳಲ್ಲಿ ಕ್ಲೋರೊಪ್ಲಾಸ್ಟ್ ತಂದೆಯಿಂದ, ಪರಾಗದ ಮೂಲಕ ಬರುತ್ತದೆ. ಮೈಟೊಕಾಂಡ್ರಿಯ ತಾಯಿಯಿಂದ, ಬೀಜದ ಮೂಲಕ. ಹೆಚ್ಚಿನ ಹೂಬಿಡುವ ಗಿಡಗಳಲ್ಲಿ ಎರಡೂ ತಾಯಿಯದೇ ಆಗಿರುವುದರಿಂದ, ಪರಾಗದ ದಾರಿಯನ್ನೂ ಬೀಜದ ದಾರಿಯನ್ನೂ ಬೇರೆ ಬೇರೆಯಾಗಿ ಹಿಡಿಯುವ ಈ ಸೌಲಭ್ಯ ಸಿಗುವುದಿಲ್ಲ. ಕ್ಲೋರೊಪ್ಲಾಸ್ಟ್ ಮಾರ್ಕರ್‌ಗಳನ್ನು ನೋಡಿದಾಗ ಒಂದೇ ಬಗೆಯವು ಕಣಿವೆಯಿಂದ ಕಣಿವೆಗೆ ಹರಡಿಕೊಂಡಿದ್ದವು. ಎರಡು ಗಾಳಿಚೀಲ ಹೊತ್ತ ಪರಾಗ ಬೆಟ್ಟ ದಾಟುತ್ತದೆ. ಮಾರ್ಚ್‌ನಲ್ಲಿ ನನ್ನ ಜೀಪಿನ ಗಾಜಿನ ಮೇಲೆ ಹಳದಿ ಪುಡಿಯಾಗಿ ಕೂತದ್ದೂ ಅದೇ.

ಹಾಗೆಂದು ಕಡಿತದಿಂದ ಏನೂ ಆಗಿಲ್ಲವೆಂದು ಬರೆಯುವುದು ಇನ್ನೊಂದು ಆತುರವಾಗುತ್ತಿತ್ತು. ನಾನು ಅಳೆದ ಮರಗಳಲ್ಲಿ ಎಷ್ಟೋ ದೊಡ್ಡ ಕಡಿತಕ್ಕಿಂತ ಮೊದಲೇ ಮೊಳೆತವು. ಅವುಗಳ ಆಲೀಲ್‌ಗಳು ಆ ಹಿಂದಿನ ಕಾಡಿನವು. ತಲೆಮಾರಿನಿಂದ ತಲೆಮಾರಿಗೆ ಕಳೆದುಹೋಗುವ ವೈವಿಧ್ಯದ ಪ್ರಮಾಣ ಸಂತಾನಕ್ಕೆ ಬರುವ ಮರಗಳ ಸಂಖ್ಯೆಯ ಎರಡು ಪಟ್ಟಿನಲ್ಲಿ ಒಂದು ಪಾಲು ಮಾತ್ರ. ನೂರು ಮರ ಉಳಿದರೂ ಒಂದು ತಲೆಮಾರಿಗೆ ನಷ್ಟ ಇನ್ನೂರರಲ್ಲಿ ಒಂದು ಭಾಗ. ಆ ಒಂದು ತಲೆಮಾರು ನಮ್ಮ ಎಷ್ಟು ತಲೆಮಾರುಗಳಷ್ಟೋ. ಹಳೆಯ ಮರಗಳನ್ನೂ ಅವುಗಳ ಕೆಳಗಿನ ಎಳೆ ಸಸಿಗಳನ್ನೂ ಬೇರೆ ಬೇರೆಯಾಗಿ ಅಳೆದಿದ್ದರೆ ಕೆಲಸ ಪೂರ್ತಿಯಾಗುತ್ತಿತ್ತು. ಪಿರುಲ್‌ಗೆ ಬೀಳುವ ಬೆಂಕಿಯಿಂದಾಗಿ ಎಷ್ಟೋ ಕಡೆ ಅಳೆಯಲು ಸಸಿಗಳೇ ಇರಲಿಲ್ಲ.

ಕೊನೆಯ ಸಲ ಹೋದಾಗ ದಾಜ್ಯೂ ಕೇಳಿದರು: "ಸಾಬ್, ಇಷ್ಟು ವರ್ಷ ಸೂಜಿ ಕಿತ್ತುಕೊಂಡು ಹೋದಿರಿ. ಸೊಟ್ಟ ಮರದ ಮಗು ಸೊಟ್ಟಗೇ ಆಗುತ್ತದೋ ಇಲ್ಲವೋ, ಅದನ್ನು ಹೇಳಿ." ನಾನು ಅಳೆದ ಮಾರ್ಕರ್‌ಗಳಿಗೆ ಕಾಂಡದ ಆಕಾರದೊಂದಿಗೆ ಸಂಬಂಧವಿಲ್ಲ, ಅವು ನೆಂಟಸ್ತಿಕೆಯನ್ನಷ್ಟೇ ಹೇಳುತ್ತವೆ, ಆ ಲೆಕ್ಕದಲ್ಲಿ ಸೊಟ್ಟ ಮರಗಳೂ ನೆಟ್ಟನೆಯ ಮರಗಳೂ ಬೇರೆ ಗುಂಪಾಗಿ ನಿಲ್ಲಲಿಲ್ಲ ಎಂದು ವಿವರಿಸಿದೆ. ಅವರು ತಲೆಯಾಡಿಸಿದರು, ಆದರೆ ಅದು ತಮ್ಮ ಪ್ರಶ್ನೆಗೆ ಉತ್ತರವಲ್ಲವೆಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಬಳಸದೆ ಉಳಿದ ಬೀಜಗಳನ್ನು, ಮರದ ಸಂಖ್ಯೆ ಬರೆದು, ಅವರ ನರ್ಸರಿಯಲ್ಲೇ ಪಾಲಿಥೀನ್ ಚೀಲಗಳಿಗೆ ಬಿತ್ತಿದೆವು. ಅವುಗಳಲ್ಲಿ ಈಗ ಮೂರರ ಕಟ್ಟಿನ ಸೂಜಿ ಇನ್ನೂ ಬಂದಿಲ್ಲ; ಎಳೆತನದ ನೀಲಿಹಸಿರು ಬಿಡಿ ಸೂಜಿಗಳಿವೆ. ನಾರಿನ ತಿರುವು ಅಳೆಯುವಷ್ಟು ಕಾಂಡ ದಪ್ಪವಾಗಲು ವರ್ಷಗಳೇ ಬೇಕು.